ಚಿತ್ವನ್‌ನ 'ಎರಡು ರಾತ್ರಿ ಮೂರು ದಿನ' ಪ್ಯಾಕೇಜು: ಕೊಟ್ಟ ಕಾಸಿಗೆ ಸಿಗುವುದೇನು, ತರಾಯಿಯಲ್ಲಿ ಮುಂದೆ ಹೋಗುವುದೆಲ್ಲಿಗೆ?

ಕಠ್ಮಂಡುವಿನ ಥಮೆಲ್ ಬೀದಿಯಲ್ಲಾಗಲಿ, ಪೋಖರಾದ ಕೆರೆದಂಡೆಯಲ್ಲಾಗಲಿ, ಯಾವ ಟ್ರಾವೆಲ್ ಅಂಗಡಿಯ ಮೆಟ್ಟಿಲು ಹತ್ತಿದರೂ ಮುಂದಿಡುವ ಕಾಗದ ಒಂದೇ. ಚಿತ್ವನ್, ಎರಡು ರಾತ್ರಿ ಮೂರು ದಿನ. ಚಿತ್ವನ್ ಎಂದರೆ ನೇಪಾಳದ ದಕ್ಷಿಣದ ಬಯಲುಸೀಮೆಯಾದ ತರಾಯಿಯಲ್ಲಿರುವ ರಾಷ್ಟ್ರೀಯ ಉದ್ಯಾನ. ಬಸ್ಸು, ವಸತಿ, ಮೂರು ಹೊತ್ತು ಊಟ, ಜೀಪು, ದೋಣಿ, ಅಲ್ಲಿನ ಮೂಲನಿವಾಸಿಗಳಾದ ಥಾರು ಜನರ ಕುಣಿತ ಎಲ್ಲ ಸೇರಿ ಇಷ್ಟು. ಇದು ಮೋಸವಲ್ಲ. ಆದರೆ ಮೂರು ದಿನ ಎಂದು ಬರೆದಿದ್ದರಲ್ಲಿ ಕಾಡಿಗೆ ಸಿಗುವುದು ಒಂದೇ ದಿನ, ಅದೂ ಪೂರ್ತಿಯಲ್ಲ.

ಲೆಕ್ಕ ಹಾಕಿ ನೋಡಿ. ಮೊದಲ ದಿನ ಬಸ್ಸು ಉದ್ಯಾನದ ಅಂಚಿನ ಊರಾದ ಸೌರಾಹಾ ಮುಟ್ಟುವಾಗ ಮಧ್ಯಾಹ್ನ ಕಳೆದಿರುತ್ತದೆ. ಊಟ, ಸ್ನಾನ, ಸಂಜೆ ಥಾರು ಹಳ್ಳಿಯಲ್ಲಿ ಒಂದು ಸುತ್ತು, ರಾಪ್ತಿ ನದಿದಂಡೆಯಲ್ಲಿ ಸೂರ್ಯಾಸ್ತ, ರಾತ್ರಿ ಕುಣಿತ. ಮೂರನೇ ದಿನ ಬೆಳಗ್ಗೆ 'ಪಕ್ಷಿ ವೀಕ್ಷಣೆ' ಎಂದು ಬರೆದಿರುವುದು ಲಾಡ್ಜಿನ ಹಿಂದಿನ ಗದ್ದೆ ಬದುವಿನ ಮೇಲೆ ಒಂದು ಗಂಟೆಯ ನಡಿಗೆ. ತಿಂಡಿ ಮುಗಿಯುವಷ್ಟರಲ್ಲಿ ಬಸ್ಸಿನ ಹೊತ್ತಾಯಿತು. ಉಳಿದದ್ದು ಎರಡನೇ ದಿನ. ದೋಣಿ, ಕಾಲ್ನಡಿಗೆ, ಆನೆ ಸಂತಾನಕೇಂದ್ರ, ಜೀಪು ನಾಲ್ಕನ್ನೂ ಆ ಒಂದೇ ದಿನಕ್ಕೆ ತುರುಕಿರುತ್ತಾರೆ. ಮೂಗಿಗೆ ತುಪ್ಪ ಸವರಿದಂತೆ ಪ್ರತಿಯೊಂದರ ವಾಸನೆ ಸಿಗುತ್ತದೆ, ಯಾವುದೂ ನಾಲಿಗೆಗೆ ತಾಕುವುದಿಲ್ಲ.

ಪ್ಯಾಕೇಜು ಬಿಟ್ಟು ಬಿಡಿಬಿಡಿಯಾಗಿ ಕೊಳ್ಳುವುದು ಲೇಸು. ಸೌರಾಹಾದಲ್ಲಿ ಕೋಣೆಗಳಿಗೆ ಬರವಿಲ್ಲ. ಮೂರು ರಾತ್ರಿ ಕೋಣೆ ಮಾತ್ರ ಹಿಡಿದು, ಜೀಪು, ಗೈಡು, ದೋಣಿಗಳನ್ನು ಅಲ್ಲಿ ಹೋದಮೇಲೆ ಗೊತ್ತುಮಾಡಿ. ಬೀದಿಯಲ್ಲಿ ಸಾಲುಸಾಲಾಗಿ ಗೈಡುಗಳ ಕಚೇರಿಗಳಿವೆ. ಸಂಜೆ ಹೋಗಿ ಮರುದಿನಕ್ಕೆ ಮಾತಾಡಿದರೆ ಸಾಕು. ದಸರೆ-ದೀಪಾವಳಿಯ ರಜೆ, ಹೊಸವರ್ಷದ ವಾರ ಮಾತ್ರ ಮುಂಚೆ ಹೇಳಿಡಬೇಕು. ವಯಸ್ಸಾದವರನ್ನೋ ಚಿಕ್ಕ ಮಕ್ಕಳನ್ನೋ ಕರೆದುಕೊಂಡು ಹೋಗುವವರು, ಒಂದೊಂದಕ್ಕೂ ಚೌಕಾಸಿ ಮಾಡುವ ತ್ರಾಣ ಇಲ್ಲದವರು ಪ್ಯಾಕೇಜನ್ನೇ ತೆಗೆದುಕೊಳ್ಳಲಿ, ಅದರಲ್ಲಿ ತಪ್ಪೇನಿಲ್ಲ. ಆದರೆ ದುಡ್ಡು ಕೊಡುವ ಮುಂಚೆ ಮೂರು ಪ್ರಶ್ನೆಗೆ ಉತ್ತರವನ್ನು ಬರವಣಿಗೆಯಲ್ಲಿ ಪಡೆಯಿರಿ.

ಒಂದು, ಉದ್ಯಾನದ ಪ್ರವೇಶ ಶುಲ್ಕ ಸೇರಿದೆಯೋ ಇಲ್ಲವೋ. ಭಾರತ ಸೇರಿ ಸಾರ್ಕ್ ದೇಶದವರಿಗೆ ದಿನಕ್ಕೆ ತಲೆಗೆ 1000 ನೇಪಾಳಿ ರೂಪಾಯಿ, ಉಳಿದ ವಿದೇಶಿಯರಿಗೆ 2000. ಇದು ದಿನದ ಲೆಕ್ಕದ ಟಿಕೆಟ್ಟು. ಹಾಗಾಗಿ ದೋಣಿ, ನಡಿಗೆ, ಜೀಪು ಒಂದೇ ದಿನ ಮಾಡಿದರೆ ಒಂದೇ ಶುಲ್ಕ, ಎರಡು ದಿನಕ್ಕೆ ಹಂಚಿದರೆ ಎರಡು. ಎರಡು ಸಲ ಕೊಟ್ಟರೂ ಹಂಚುವುದೇ ಮೇಲು. ಬೆಂಗಳೂರಿನಲ್ಲಿ ಕೆಲಸ ಮಾಡುವ ವಿದೇಶಿ ಗೆಳೆಯರು ಜೊತೆಗಿದ್ದರೆ ಅವರ ದರ ಬೇರೆ ಎಂಬುದು ನೆನಪಿರಲಿ. ಎರಡು, ಜೀಪು ಹೋಗುವುದು ರಾಷ್ಟ್ರೀಯ ಉದ್ಯಾನದ ಒಳಕ್ಕೋ, ಹಳ್ಳಿಯವರೇ ನೋಡಿಕೊಳ್ಳುವ ಅಂಚಿನ ಸಾಮುದಾಯಿಕ ಕಾಡಿಗೋ. ಕಾಗದದಲ್ಲಿ ಎರಡಕ್ಕೂ 'ಜಂಗಲ್ ಸಫಾರಿ' ಎಂದೇ ಬರೆದಿರುತ್ತದೆ. ಬಾಘಮಾರಾ, ಕುಮ್ರೋಜ್‌ನಂಥ ಸಾಮುದಾಯಿಕ ಕಾಡುಗಳು ಉದ್ಯಾನದ ಅಂಚಿನಲ್ಲಿವೆ, ಅವಕ್ಕೆ ಟಿಕೆಟ್ಟು ಬೇರೆ. ಅಲ್ಲಿ ಘೇಂಡಾಮೃಗ ಚೆನ್ನಾಗಿಯೇ ಕಾಣುತ್ತದೆ, ಅದನ್ನು ಕಳಪೆ ಎನ್ನಲಾಗದು. ಆದರೆ ಹುಲಿ, ಕಾಟಿ ಎಂದು ಆಸೆ ಇಟ್ಟುಕೊಂಡವರು ಹೋಗಬೇಕಾದದ್ದು ನದಿಯಾಚೆಯ ಉದ್ಯಾನದೊಳಕ್ಕೆ. ಮೂರು, ಜೀಪಿನಲ್ಲಿ ಎಷ್ಟು ಜನ. ಹಂಚಿಕೊಂಡು ಹೋಗುವ ಜೀಪಿಗೆ ಏಳು ಜನ ಸರಿ. ಹತ್ತು ಜನರನ್ನು ಹತ್ತಿಸಿದರೆ ನಡುವಿನವರಿಗೆ ಕಾಣುವುದು ಪಕ್ಕದವರ ಮೊಣಕೈ.

ಚಿತ್ವನ್ 1973ರಲ್ಲಿ ಘೋಷಣೆಯಾದದ್ದು, ನೇಪಾಳದ ಮೊದಲ ರಾಷ್ಟ್ರೀಯ ಉದ್ಯಾನ. 1984ರಲ್ಲಿ ಯುನೆಸ್ಕೋ ಪಟ್ಟಿ ಸೇರಿತು. ವಿಸ್ತೀರ್ಣ 950 ಚದರ ಕಿ.ಮೀ.ಗೆ ತುಸು ಹೆಚ್ಚು. 2021ರ ಗಣತಿಯಲ್ಲಿ ನೇಪಾಳದಲ್ಲಿ ಸಿಕ್ಕ 752 ಘೇಂಡಾಮೃಗಗಳಲ್ಲಿ 694 ಇದ್ದದ್ದು ಇಲ್ಲೇ. 2022ರ ಹುಲಿ ಗಣತಿಯಲ್ಲಿ 128. ಈ 128ನ್ನು ನೋಡಿ ಕಬಿನಿಯ ಲೆಕ್ಕ ಹಾಕಿದರೆ ನಿರಾಸೆ ಖಚಿತ. ಕಬಿನಿಯಲ್ಲಿ ಬೇಸಿಗೆಗೆ ಹಿನ್ನೀರಿನ ಬಯಲು ತೆರೆದುಕೊಳ್ಳುತ್ತದೆ, ಪ್ರಾಣಿ ನೀರಿಗೆ ಬರಲೇಬೇಕು, ಬಂದರೆ ಕಾಣಲೇಬೇಕು. ಚಿತ್ವನ್‌ನಲ್ಲಿ ನೀರು ಎಲ್ಲೆಲ್ಲೂ ಇದೆ. ಕಾಡಿನ ಬಹುಪಾಲು ಸಾಲ್ ಮರ, ಉಳಿದ ನದಿಬಯಲಲ್ಲಿ ಆನೆ ಮುಳುಗುವಷ್ಟು ಎತ್ತರದ ಹುಲ್ಲು. ಜೀಪಿನಿಂದ ಎರಡು ಮಾರು ದೂರದಲ್ಲಿ ಹುಲಿ ಮಲಗಿದ್ದರೂ ಗೊತ್ತಾಗದು. ಘೇಂಡಾಮೃಗದ ಮಾತು ಬೇರೆ. ಒಂದು ದಿನ ಪೂರ್ತಿ ಕಾಡಲ್ಲಿದ್ದು ಒಂದನ್ನೂ ನೋಡದೆ ಬಂದವರು ಕಡಿಮೆ.

ಹುಲ್ಲಿನ ಎತ್ತರದ ಮೇಲೆ ನಿಮ್ಮ ಪ್ರವಾಸದ ಭಾಗ್ಯ ನಿಂತಿದೆ. ಅಕ್ಟೋಬರಿನಲ್ಲಿ ಮಳೆ ನಿಂತು ಆಕಾಶ ತಿಳಿಯಾದರೂ ಹುಲ್ಲು ತಲೆಯೆತ್ತರಕ್ಕೆ ಮೀರಿರುತ್ತದೆ. ಚಳಿಗಾಲದ ಕೊನೆಗೆ, ಸುಮಾರು ಜನವರಿಯಲ್ಲಿ, ಸುತ್ತಲ ಹಳ್ಳಿಯವರಿಗೆ ಕೆಲವು ದಿನ ಒಳಹೋಗಿ ಹುಲ್ಲು ಕೊಯ್ಯಲು ಅನುಮತಿ ಕೊಡುತ್ತಾರೆ. ಮಾಡು ಹೊದಿಸಲು ಒಂದು ಜಾತಿ, ಗೋಡೆ ಹೆಣೆಯಲು ಇನ್ನೊಂದು. ಕೊಯ್ದುಳಿದದ್ದಕ್ಕೆ ಬೆಂಕಿ ಕೊಡುತ್ತಾರೆ. ಒಂದೆರಡು ವಾರದಲ್ಲಿ ಕಪ್ಪು ನೆಲದ ಮೇಲೆ ಎಳೆಹುಲ್ಲು ಚಿಗುರುತ್ತದೆ, ಜಿಂಕೆಗಳು ಅಲ್ಲಿಗೆ ನುಗ್ಗುತ್ತವೆ, ಜಿಂಕೆಯ ಹಿಂದೆ ಬರಬೇಕಾದವರೂ ಬರುತ್ತಾರೆ. ಫೆಬ್ರುವರಿ ನಡುವಿನಿಂದ ಏಪ್ರಿಲ್ ಮೊದಲ ವಾರದವರೆಗೆ ಸೌರಾಹಾ ಅತ್ಯುತ್ತಮ. ಬೂರುಗದ ಮರಗಳು ಎಲೆ ಉದುರಿಸಿ ಕೆಂಪಗೆ ಹೂಬಿಟ್ಟಿರುತ್ತವೆ. ಮೇ ತಿಂಗಳಲ್ಲಿ 40 ಡಿಗ್ರಿ ಬಿಸಿಲು. ಪ್ರಾಣಿ ಕಾಣುತ್ತದೆ, ಮನುಷ್ಯ ಬಾಡುತ್ತಾನೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ರಾಪ್ತಿ ಉಕ್ಕುತ್ತದೆ, ಒಳದಾರಿಗಳು ಮುಳುಗುತ್ತವೆ. ಆ ದಿನಗಳಲ್ಲಿ ಯಾರಾದರೂ ಅರ್ಧ ದರಕ್ಕೆ ಪ್ಯಾಕೇಜು ಕೊಟ್ಟರೆ ಅದು ಅಂಚಿನ ಕಾಡಿನದ್ದೇ.

ಡಿಸೆಂಬರ್-ಜನವರಿಯಲ್ಲಿ ಹೋಗುವ ಕನ್ನಡಿಗರು ಹೆಚ್ಚು, ಮಕ್ಕಳ ರಜೆ ಅಂತ. ಆಗಿನ ಶತ್ರು ಮಂಜು. ಸ್ಥಳೀಯರು 'ಶೀತಲಹರ್' ಎನ್ನುವ ಚಳಿ ಬಂತೆಂದರೆ ದಿನವಿಡೀ ಸೂರ್ಯ ಕಾಣದೆ ಹೋಗಬಹುದು. ಮಾಮೂಲು ದಿನಗಳಲ್ಲೂ ಒಂಬತ್ತು-ಹತ್ತು ಗಂಟೆವರೆಗೆ ಬಿಳಿ ಪರದೆ. ಈ ಸಮಯದಲ್ಲಿ ಬೆಳಗಿನ ಜೀಪು ದಂಡ, ಮಧ್ಯಾಹ್ನದ್ದೇ ಕೇಳಿ. ಭರತಪುರ, ಭೈರಹವಾ, ಜನಕಪುರ ವಿಮಾನ ನಿಲ್ದಾಣಗಳಲ್ಲಿ ಬೆಳಗಿನ ವಿಮಾನಗಳು ಇದೇ ಮಂಜಿಗೆ ತಡವಾಗುತ್ತವೆ, ರದ್ದೂ ಆಗುತ್ತವೆ. ಕಠ್ಮಂಡುವಿನಿಂದ ಭರತಪುರಕ್ಕೆ ಗಾಳಿಯಲ್ಲಿ ಇರುವುದು ಅರ್ಧ ಗಂಟೆಯೂ ಅಲ್ಲ. ಕಾಯುವುದು ಮಾತ್ರ ಅರ್ಧ ದಿನವಾದೀತು.

ಜೀಪಿಗೆ ಬರೋಣ. ಸೌರಾಹಾದಲ್ಲಿ ಜೀಪು ಲಾಡ್ಜಿನ ಬಾಗಿಲಿಗೆ ಬಂದು ಕಾಡಿಗೆ ಒಯ್ಯುವುದಿಲ್ಲ. ರಾಪ್ತಿಯನ್ನು ದೋಣಿಯಲ್ಲಿ ದಾಟಿ ಆಚೆ ದಡದಲ್ಲಿ ಜೀಪು ಹತ್ತಬೇಕು. ಮೊಣಕಾಲು ನೋವಿನವರಿಗೆ ಮರಳಿನ ದಡ ಇಳಿದು, ಅಲುಗುವ ದೋಣಿಗೆ ಕಾಲಿಡುವುದು ಕಷ್ಟ. ಬದಿಯಲ್ಲಿ ಹಿಡಿಯಲು ಏನೂ ಇರದು. ಅರ್ಧ ದಿನದ ಸವಾರಿ ಸುಮಾರು ನಾಲ್ಕು ಗಂಟೆ. ಹೆಚ್ಚಿನ ಜೀಪುಗಳು ಪಶ್ಚಿಮಕ್ಕೆ, ಉದ್ಯಾನದ ಮುಖ್ಯಕಚೇರಿ ಇರುವ ಕಸರಾದ ಕಡೆಗೆ ಹೋಗಿ ತಿರುಗುತ್ತವೆ. ಕಸರಾದಲ್ಲಿರುವ ಘರಿಯಾಲ್ ಎಂಬ ಉದ್ದ ಮೂತಿಯ ಮೊಸಳೆಯ ಕೇಂದ್ರ 1978ರಿಂದ ನಡೆಯುತ್ತಿದೆ. ನದಿದಡದ ಮೊಟ್ಟೆ ತಂದು ಮರಿ ಮಾಡಿ, ಕೆಲವು ವರ್ಷ ಸಾಕಿ, ಹೊಳೆಗೆ ಬಿಡುತ್ತಾರೆ. ಒಳಗೆ ಇಪ್ಪತ್ತು ನಿಮಿಷ ಸಾಕು. ಗೈಡು ಅಲ್ಲೇ ಮುಕ್ಕಾಲು ಗಂಟೆ ಕಳೆಯಲು ನೋಡಿದರೆ, ನಯವಾಗಿ ಎಬ್ಬಿಸಿ. ಆ ಹೊತ್ತು ಸವಾರಿಯಿಂದ ಕಳೆದದ್ದೇ. ದುಡ್ಡಿದ್ದರೆ ಪೂರ್ತಿ ದಿನದ ಜೀಪು ಹಿಡಿಯಿರಿ. ಅರ್ಧ ದಿನದವರು ಹಿಂತಿರುಗುವ ಮಧ್ಯಾಹ್ನದ ವೇಳೆಗೆ ದಾರಿ ಖಾಲಿಯಾಗುತ್ತದೆ, ಹಳ್ಳದ ಪಕ್ಕ ಇಂಜಿನ್ ಆರಿಸಿ ಅರ್ಧ ಗಂಟೆ ಕೂರುವ ಐಷಾರಾಮ ಅದರಲ್ಲಿ ಮಾತ್ರ. ನಾಲ್ಕು ಜನ ಸೇರಿದರೆ ಅಷ್ಟೇನೂ ಕೈ ಕಚ್ಚದು.

ಕಾಲ್ನಡಿಗೆಯೇ ಇಲ್ಲಿನ ನಿಜವಾದ ಸರಕು. ನಾಗರಹೊಳೆ, ಬಂಡೀಪುರಗಳಲ್ಲಿ ಪ್ರವಾಸಿಗ ಸಫಾರಿ ವಾಹನದಿಂದ ಕೆಳಗಿಳಿಯುವಂತಿಲ್ಲ. ಚಿತ್ವನ್‌ನಲ್ಲಿ ಪರವಾನಗಿ ಇರುವ ಇಬ್ಬರು ಗೈಡುಗಳ ಜೊತೆ ನಡೆದು ಹೋಗಬಹುದು. ಇಬ್ಬರು ಎನ್ನುವುದು ನಿಯಮ. ಒಬ್ಬ ಮುಂದೆ, ಒಬ್ಬ ಹಿಂದೆ, ಕೈಯಲ್ಲಿ ಬಿದಿರ ಕೋಲು, ಬಂದೂಕಿಲ್ಲ. ನಿಮ್ಮ ಗುಂಪಿನಲ್ಲಿ ಒಬ್ಬರೇ ಇದ್ದರೂ ಇಬ್ಬರು ಗೈಡುಗಳ ಕೂಲಿ ಕೊಡಬೇಕು. 'ಒಬ್ಬನೇ ಸಾಕು, ಕಡಿಮೆಗೆ ಮಾಡಿಕೊಡುತ್ತೇನೆ' ಎಂದವನ ಜೊತೆ ಹೋಗಬೇಡಿ. ಕಾಡಂಚಿನಲ್ಲಿ ನಿಲ್ಲಿಸಿ ಹೇಳುವ ಪಾಠ ಹೀಗಿರುತ್ತದೆ: ಘೇಂಡಾಮೃಗ ನುಗ್ಗಿದರೆ ಹತ್ತಿರದ ಮರ ಹತ್ತಬೇಕು, ಮರ ಸಿಗದಿದ್ದರೆ ಹಾವಿನ ಹಾಗೆ ಅಂಕುಡೊಂಕಾಗಿ ಓಡಿ ಚೀಲವನ್ನೋ ಟೋಪಿಯನ್ನೋ ಹಿಂದಕ್ಕೆ ಎಸೆಯಬೇಕು. ಅದರ ಕಣ್ಣು ಮಂದ, ಮೂಗು ಚುರುಕು. ಬೆವರು ವಾಸನೆಯ ವಸ್ತುವಿನ ಬಳಿ ನಿಂತುಬಿಡುತ್ತದೆ. ಕರಡಿಯಾದರೆ ಎಲ್ಲರೂ ಒತ್ತಟ್ಟಿಗೆ ನಿಂತು ಸದ್ದು ಮಾಡಬೇಕು. ಹುಲಿಯಾದರೆ ಕಣ್ಣಲ್ಲಿ ಕಣ್ಣಿಟ್ಟು ಹಿಂದೆ ಸರಿಯಬೇಕು, ಬೆನ್ನು ತೋರಿಸಬಾರದು. ಆನೆಯಾದರೆ ಓಟ. ಈ ಪಾಠ ಹೇಳದೆ ನೇರ ಕಾಡಿಗೆ ನುಗ್ಗಿಸುವ ಗೈಡು ಇಡೀ ದಿನ ಅದೇ ಉದಾಸೀನದಲ್ಲಿ ಇರುತ್ತಾನೆ ಎಂದೇ ತಿಳಿಯಿರಿ.

ಒಳ್ಳೆಯ ಗೈಡಿನ ಗುರುತು ಪ್ರಾಣಿ ತೋರಿಸುವುದರಲ್ಲಿಲ್ಲ, ನೆಲ ಓದುವುದರಲ್ಲಿದೆ. ದಾರಿಬದಿಯಲ್ಲಿ ಮೊಣಕಾಲೆತ್ತರದ ಲದ್ದಿಯ ಗುಡ್ಡೆ ಕಾಣುತ್ತದೆ. ಘೇಂಡಾಮೃಗಗಳು ಎಲ್ಲೆಂದರಲ್ಲಿ ಹಾಕುವುದಿಲ್ಲ, ಒಂದೇ ಜಾಗಕ್ಕೆ ಮತ್ತೆ ಮತ್ತೆ ಬರುತ್ತವೆ, ಬೇರೆಬೇರೆಯವೂ ಅಲ್ಲಿಗೇ ಬರುತ್ತವೆ. ಮೇಲಿನದ್ದು ಹಸಿರಾಗಿ ಹಬೆಯಾಡುತ್ತಿದ್ದರೆ ನಿಲ್ಲಬೇಕು. ಬೂದುಬಣ್ಣಕ್ಕೆ ತಿರುಗಿ ಒಣಗಿದ್ದರೆ ಮುಂದೆ ನಡೆಯಬಹುದು. ಆ ಗುಡ್ಡೆಯ ಮೇಲೆ ಸಾಲಾಗಿ ಮೊಳಕೆಯೊಡೆದ ಗಿಡಗಳು 'ಭೆಲ್ಲರ್' ಮರದವು. ಅದರ ಗಟ್ಟಿ ಹಣ್ಣನ್ನು ನುಂಗಿ ನದಿಬಯಲಿಗೆ ಬೀಜ ಸಾಗಿಸುವ ಕೂಲಿಯಾಳು ಇದೇ ಘೇಂಡಾಮೃಗ. ಇದನ್ನು ಬಗ್ಗಿ ತೋರಿಸುವ ಗೈಡು ಸಿಕ್ಕರೆ ಮರುದಿನಕ್ಕೂ ಅವನನ್ನೇ ಹಿಡಿಯಿರಿ.

ಬಟ್ಟೆ ಮಣ್ಣಿನ ಬಣ್ಣದ್ದಿರಲಿ. ಬಿಳಿ, ಕೆಂಪು, ಹಳದಿ ಬೇಡ. ಹುಲ್ಲಿನ ಅಂಚು ಬ್ಲೇಡಿನಷ್ಟು ಹರಿತ, ಆದ್ದರಿಂದ ತುಂಬುತೋಳು. ನೀರು ತಲೆಗೆ ಎರಡು ಲೀಟರ್. ಪೂರ್ತಿ ದಿನದ ನಡಿಗೆಗೆ ಬುತ್ತಿ ಕಟ್ಟಿಸಿಕೊಳ್ಳಬೇಕು. ಲಾಡ್ಜಿನವರು ಕಟ್ಟುವ ಬುತ್ತಿ ಸಾಮಾನ್ಯವಾಗಿ ಬ್ರೆಡ್ಡು, ಬೇಯಿಸಿದ ಮೊಟ್ಟೆ, ಬಾಳೆಹಣ್ಣು. ಮೊಟ್ಟೆ ತಿನ್ನದವರು ಹಿಂದಿನ ರಾತ್ರಿಯೇ ಚಪಾತಿ-ಆಲೂ ಹೇಳಿಡಿ. ಮೊದಲ ಸಲದವರಿಗೆ ಅರ್ಧ ದಿನ ಸಾಕು. ಹತ್ತು ವರ್ಷದ ಒಳಗಿನ ಮಕ್ಕಳನ್ನು ನಡಿಗೆಗೆ ಒಯ್ಯುವುದು ಖಂಡಿತ ಬೇಡ. ಓಡು ಎಂದಾಗ ಓಡದವರು, ಸುಮ್ಮನಿರು ಎಂದಾಗ ಸುಮ್ಮನಿರದವರು ಅಲ್ಲಿ ಇರಬಾರದು.

ದೋಣಿಯ ಬಗ್ಗೆ ಒಂದು ತಕರಾರು. ಬೂರುಗದ ಒಂದೇ ದಿಮ್ಮಿ ಕೊರೆದು ಮಾಡಿದ ದೋಣಿ, ನೀರಿನ ಮಟ್ಟಕ್ಕೆ ಸರಿಯಾಗಿ ಕೂತು, ಹರಿವಿನ ಜೊತೆ ಸದ್ದಿಲ್ಲದೆ ತೇಲುವುದು. ಮುಕ್ಕಾಲು ಗಂಟೆಯ ಆ ಪಯಣಕ್ಕೆ ಪೂರ್ತಿ ಅಂಕ. ಆದರೆ ಚಳಿಗಾಲದಲ್ಲೂ ಎಲ್ಲರನ್ನೂ ಬೆಳಗ್ಗೆ ಏಳಕ್ಕೇ ಹತ್ತಿಸುತ್ತಾರೆ. ಮಂಜಿನಲ್ಲಿ ಆಚೆ ದಡವೇ ಕಾಣದು, ಇನ್ನು ಮೊಸಳೆ ಎಲ್ಲಿಂದ? ಮೊಸಳೆಗೆ ತನ್ನದೇ ಮೈಶಾಖವಿಲ್ಲ. ಬಿಸಿಲು ಏರಿದ ಮೇಲೆ, ಹತ್ತು ಗಂಟೆಯ ನಂತರ ಮರಳದಿಣ್ಣೆಗೆ ಬಂದು ಮೈ ಕಾಯಿಸುತ್ತದೆ. ಹಾಗಾಗಿ ಚಳಿಗಾಲದಲ್ಲಿ ಹತ್ತರ ದೋಣಿ ಕೇಳಿ, ಬೇಸಿಗೆಯಲ್ಲಿ ಏಳರದ್ದು. ಉದ್ದನೆ ಚಿಮಟದಂಥ ಮೂತಿಯದ್ದು ಘರಿಯಾಲ್, ಮೀನು ಬಿಟ್ಟರೆ ಬೇರೆ ಗೊಡವೆ ಇಲ್ಲ. ಬಲಿತ ಗಂಡಿನ ಮೂತಿ ತುದಿಯಲ್ಲಿ ಗಡಿಗೆ ಬೋರಲು ಹಾಕಿದಂಥ ಗಂಟು ಇರುತ್ತದೆ, ಹೆಸರು ಬಂದದ್ದೇ ಅದರಿಂದ. ಅಗಲ ಮೂತಿಯದ್ದು ನಮ್ಮ ರಂಗನತಿಟ್ಟಿನ ಮೊಸಳೆಯೇ, ಅದನ್ನು ಲಘುವಾಗಿ ಎಣಿಸಬೇಡಿ, ಕೈ ನೀರಿಗಿಳಿಸಬೇಡಿ. ಚಳಿಗಾಲದ ರಾಪ್ತಿಯಲ್ಲಿ ಇಟ್ಟಿಗೆಬಣ್ಣದ ಜೋಡಿ ಬಾತುಗಳು ಕಂಡರೆ ಅವೇ ಚಕ್ರವಾಕಗಳು. ಹಳಗನ್ನಡ ಕಾವ್ಯದಲ್ಲಿ ವಿರಹಕ್ಕೆ ಒಗ್ಗಿದ ಹಕ್ಕಿ ಇಲ್ಲಿ ಹಗಲಿಡೀ ಗದ್ದಲ ಮಾಡುತ್ತಿರುತ್ತದೆ.

ಆನೆ ಸವಾರಿ ಬೇಡ. ಮೈಸೂರು ಕಡೆಯವರಿಗೆ ಆನೆ-ಮಾವುತರ ಸಂಬಂಧದ ಬಗ್ಗೆ ಬೇರೆಯವರು ಹೇಳಿಕೊಡಬೇಕಿಲ್ಲ. ಹಾಗೆಂದು ನಾಲ್ವರನ್ನು ಮರದ ಅಂಬಾರಿಯಲ್ಲಿ ಹೊತ್ತು ದಿನಕ್ಕೆ ಹಲವು ಸುತ್ತು ತಿರುಗುವ ಆನೆಯ ಬೆನ್ನು ನೋಡಿದರೆ ಆಸೆ ತಾನಾಗಿ ಇಳಿಯುತ್ತದೆ. ಅದರ ಬದಲು ಖೋರ್ಸೋರ್‌ನ ಸಂತಾನಕೇಂದ್ರಕ್ಕೆ ಆನೆಗಳಿಗೆ ಮೇವು ಕಟ್ಟುವ ಹೊತ್ತಿಗೆ ಹೋಗಿ. ಆನೆಲಾಯಕ್ಕೆ ಇಲ್ಲಿ 'ಹತ್ತಿಸಾರ್' ಎನ್ನುತ್ತಾರೆ. ಒಂದು ಆನೆಗೆ ಮೂವರು ಆಳು, ಫನೇತ್, ಪಛುವಾ, ಮಾಹುತ್ ಎಂದು ಮೂರು ದರ್ಜೆ. ಹುಲ್ಲಿನ ಎಳೆಗಳನ್ನು ತಿರುಚಿ ಬಟ್ಟಲು ಮಾಡಿ, ಅದರೊಳಗೆ ಭತ್ತ, ಬೆಲ್ಲ, ಉಪ್ಪು ಸುರಿದು ಮಡಿಚಿ ಗಂಟುಹಾಕಿದ ಉಂಡೆಗೆ 'ಕುಚಿ' ಎಂದು ಹೆಸರು. ಕೂತಲ್ಲೇ ಒಬ್ಬ ಆಳು ಒಂದರ ಹಿಂದೊಂದು ಕಟ್ಟುತ್ತಾ ಹೋಗುವ ಕೈಚಳಕ ನೋಡಲು ಅರ್ಧ ಗಂಟೆ ಕೊಡಬಹುದು. ಸರಪಳಿಯ ಮರಿಗಳನ್ನು ನೋಡಿ ಬೇಸರವಾಗುವುದೂ ಸಹಜ, ಅದನ್ನು ಮೊದಲೇ ತಿಳಿದು ಹೋಗಿ.

ಥಾರು ಕುಣಿತದ ಕಾರ್ಯಕ್ರಮ ಒಂದು ಗಂಟೆ. ಕೋಲಿನ ಕುಣಿತ ನಮ್ಮ ಕೋಲಾಟಕ್ಕೆ ದಾಯಾದಿ, ಕೋಲು ಮಾತ್ರ ಆಳುದ್ದ. ನೋಡಬಹುದು, ನೋಡದಿದ್ದರೆ ನಷ್ಟವಿಲ್ಲ. ಥಾರು ಊಟಕ್ಕೆ ಮಾತ್ರ ಒಂದು ರಾತ್ರಿ ಮೀಸಲಿಡಿ: ಅಕ್ಕಿಹಿಟ್ಟನ್ನು ಬೆರಳಗಾತ್ರಕ್ಕೆ ಹೊಸೆದು ಹಬೆಯಲ್ಲಿ ಬೇಯಿಸಿದ 'ಢಿಕ್ರಿ' ಮಲೆನಾಡಿನ ಕಡುಬು ತಿಂದವರಿಗೆ ಅಪರಿಚಿತವೆನಿಸದು, ಹುಳಿ ಚಟ್ನಿಯ ಜೊತೆ ಕೊಡುತ್ತಾರೆ. 'ಘೋಂಗಿ' ಎಂದರೆ ಗದ್ದೆಯ ಬಸವನಹುಳು, ಚಿಪ್ಪಿಗೆ ಬಾಯಿಟ್ಟು ಹೀರುವಂಥದ್ದು. ಸಸ್ಯಾಹಾರಿಗಳು ಮೊದಲೇ ಕೇಳಿ ತಿಳಿಯಿರಿ. ದಿನದ ಊಟ ದಾಲ್-ಭಾತ್. ಅನ್ನ, ಬೇಳೆ, ಪಲ್ಯ ಕೇಳಿದಷ್ಟು ಬಡಿಸುವುದು ರೂಢಿ, ಎರಡನೇ ಸಲಕ್ಕೆ ದುಡ್ಡಿಲ್ಲ. ಒಂದು ಗುಟ್ಟು, ಆರ್ಡರ್ ಕೊಟ್ಟ ಮೇಲೆ ಅಡುಗೆ ಶುರುಮಾಡುವ ಹೋಟೆಲು ಬಹಳ. ಮುಕ್ಕಾಲು ಗಂಟೆ ಮುಂಚೆ ಹೇಳಿ ಹೋಗಿ.

ಸೌರಾಹಾ ತಲುಪುವ ದಾರಿ. ಕಠ್ಮಂಡುವಿನಿಂದ ಸುಮಾರು 160 ಕಿ.ಮೀ., ಕಾಗದದ ಮೇಲೆ ಐದು ಗಂಟೆ, ರಸ್ತೆಯ ಮೇಲೆ ಏಳೆಂದುಕೊಳ್ಳಿ. ಮುಗ್ಲಿಂಗ್‌ನಿಂದ ನಾರಾಯಣಗಢದವರೆಗಿನ 36 ಕಿ.ಮೀ. ತ್ರಿಶೂಲಿ ನದಿಯ ಪಕ್ಕದ ಕಡಿದಾದ ಗುಡ್ಡದಂಚಿನದು. ಮಳೆಗಾಲದಲ್ಲಿ ಗುಡ್ಡ ಜಾರುತ್ತದೆ. 2024ರ ಜುಲೈಯಲ್ಲಿ ಇದೇ ದಾರಿಯ ಸಿಮಲ್‌ತಾಲ್‌ನಲ್ಲಿ ಎರಡು ಬಸ್ಸುಗಳು ನದಿಪಾಲಾದವು. ಆ ಅವಘಡ ರಾತ್ರಿಯ ಹೊತ್ತು ಆದದ್ದು. ಮಳೆಗಾಲದಲ್ಲಿ ಇಲ್ಲಿ ಹೋಗಬೇಡಿ, ಬೇರೆ ಕಾಲದಲ್ಲೂ ರಾತ್ರಿ ಬಸ್ಸು ಬೇಡ. ಪೂರ್ವ-ಪಶ್ಚಿಮ ಹೆದ್ದಾರಿಯ ಬಸ್ಸು ಟಾಂಡಿಯಲ್ಲಿ ಇಳಿಸುತ್ತದೆ. ಅಲ್ಲಿಂದ ಸೌರಾಹಾ ಆರೇಳು ಕಿ.ಮೀ., ಬ್ಯಾಟರಿ ರಿಕ್ಷಾ ಸಿಗುತ್ತದೆ. ಪೋಖರಾ ಬಸ್ಸುಗಳ ಮೇಲೆ 'ಬಂದೀಪುರ' ಎಂದು ಕಂಡರೆ ಹಿಗ್ಗಬೇಡಿ, ಅದು ದಾರಿಯಲ್ಲಿ ಸಿಗುವ ಗುಡ್ಡದ ಮೇಲಿನ ಊರು, ಹುಲಿಗೂ ಅದಕ್ಕೂ ನಂಟಿಲ್ಲ.

ನಾರಾಯಣಗಢ ದಾಟುವಾಗ ಎರಡು ಗಂಟೆ ಇದ್ದರೆ ದೇವಘಾಟ್ ನೋಡಿ. ಕಾಳಿ ಗಂಡಕಿಯೂ ತ್ರಿಶೂಲಿಯೂ ಕೂಡಿ ನಾರಾಯಣಿಯಾಗುವ ಜಾಗ. ಮಾಧ್ವರ ಮನೆಯ ದೇವರಪೆಟ್ಟಿಗೆಯಲ್ಲಿ ಇರುವ ಸಾಲಿಗ್ರಾಮ ಬಂದದ್ದು ಇದೇ ಗಂಡಕಿಯ ಮೇಲ್ದಂಡೆಯಿಂದ. ತೂಗುಸೇತುವೆ ದಾಟಿ ಸಂಗಮಕ್ಕೆ ಇಳಿಯಬೇಕು. ಮಕರ ಸಂಕ್ರಾಂತಿಗೆ ಕಾಲಿಡಲು ಜಾಗವಿಲ್ಲದಷ್ಟು ಜನ, ಉಳಿದ ದಿನ ಶಾಂತ. ಬೀದಿಯಲ್ಲಿ ಮಾರುವ ನುಣುಪಾದ ಕರಿಕಲ್ಲೆಲ್ಲ ಸಾಲಿಗ್ರಾಮವಲ್ಲ.

ಮುಂದಿನ ಹೆಜ್ಜೆ ಬುದ್ಧ ಹುಟ್ಟಿದ ಲುಂಬಿನಿ, ಮತ್ತು ಈ ಸುತ್ತಾಟದ ಅತಿ ಕೆಟ್ಟ ಭಾಗ: ನಾರಾಯಣಗಢದಿಂದ ಬುಟವಲ್‌ವರೆಗಿನ ರಸ್ತೆ. ಅಗಲ ಮಾಡುವ ಕೆಲಸ ವರ್ಷಗಳಿಂದ ಎಳೆದಿದೆ. ದಾವುನ್ನೆ ಘಟ್ಟದಲ್ಲಿ ಒಂದು ಲಾರಿ ಕೆಟ್ಟರೆ ಇಡೀ ಸಾಲು ನಿಲ್ಲುತ್ತದೆ. ಒಣ ದಿನಗಳಲ್ಲಿ ದೂಳು, ಮಳೆ ಬಿದ್ದರೆ ಕೆಸರು. ಮಾಸ್ಕು, ಒದ್ದೆ ಕರವಸ್ತ್ರ, ಮುಚ್ಚುವ ಕಿಟಕಿಯ ಬಸ್ಸು. ಬೆಳಗ್ಗೆ ಬೇಗ ಹೊರಡಿ, ಮಧ್ಯಾಹ್ನಕ್ಕೆ ಬೇರೆ ಏನೂ ಯೋಜಿಸಬೇಡಿ. ಬುಟವಲ್‌ನ ದಕ್ಷಿಣಕ್ಕಿರುವ ಭೈರಹವಾದಿಂದ ಲುಂಬಿನಿ ಪಶ್ಚಿಮಕ್ಕೆ 22 ಕಿ.ಮೀ. ಕರ್ನಾಟಕದಿಂದ ನೇರ ಬರುವವರಿಗೆ ಉತ್ತಮ ದಾರಿ ಗೋರಖಪುರದ ಮೂಲಕ. ಯಶವಂತಪುರದಿಂದ ರೈಲಿದೆ; ಗೋರಖಪುರದಿಂದ ಸುನೌಲಿ ಗಡಿ ಸುಮಾರು 100 ಕಿ.ಮೀ. ಗಡಿ ನಡೆದು ದಾಟಿದರೆ ಆಚೆ ನೇಪಾಳದ ಬೆಲಹಿಯಾ.

ಲುಂಬಿನಿಯಲ್ಲಿ ಎಡವುವುದು ದೂರದ ಅಂದಾಜಿನಲ್ಲಿ. ಜಪಾನಿನ ವಾಸ್ತುಶಿಲ್ಪಿ ಕೆಂಜೊ ಟಾಂಗೆ 1978ರಲ್ಲಿ ಕೊಟ್ಟ ನಕ್ಷೆಯಂತೆ ಆವರಣ ಉತ್ತರ-ದಕ್ಷಿಣ ಮೂರು ಮೈಲಿ ಉದ್ದ, ಒಂದು ಮೈಲಿ ಅಗಲ. ದಕ್ಷಿಣ ತುದಿಯಲ್ಲಿ ಮಾಯಾದೇವಿ ಮಂದಿರ, ನಡುವೆ ಕಾಲುವೆ, ಅದರ ಪೂರ್ವಕ್ಕೆ ಥೇರವಾದದ ವಿಹಾರಗಳು, ಪಶ್ಚಿಮಕ್ಕೆ ಮಹಾಯಾನದವು, ಉತ್ತರ ತುದಿಯಲ್ಲಿ ಬಿಳಿ ಶಾಂತಿಸ್ತೂಪ. 'ಒಳಗೆ ನಡೆದೇ ನೋಡೋಣ' ಎಂದು ಹೊರಟವರು ಮೂರನೇ ವಿಹಾರಕ್ಕೇ ಸುಸ್ತಾಗುತ್ತಾರೆ. ಮುಂಜಾನೆ ಮಂದಿರ ನಡೆದು ನೋಡಿ, ಆಮೇಲೆ ಬಾಡಿಗೆ ಸೈಕಲ್ಲೋ ಬ್ಯಾಟರಿ ರಿಕ್ಷಾವೋ ಹಿಡಿಯಿರಿ. ರಿಕ್ಷಾದವರ ಹತ್ತಿರ 'ಇಷ್ಟು ವಿಹಾರ' ಎಂದು ಮಾತಾಡದೆ 'ಇಷ್ಟು ಗಂಟೆ' ಎಂದು ಮಾತಾಡಿ. ಇಲ್ಲವಾದರೆ ಹತ್ತು ವಿಹಾರ ಐವತ್ತು ನಿಮಿಷದಲ್ಲಿ ಮುಗಿಯುತ್ತವೆ. ಬೈಲುಕುಪ್ಪೆಯ ಚಿನ್ನದ ದೇಗುಲ ನೋಡಿದವರಿಗೆ ಟಿಬೆಟಿ ಶೈಲಿಯವು ಹೊಸತೆನಿಸವು, ಅವರು ಜರ್ಮನಿಯವರು ಕಟ್ಟಿಸಿದ ವಿಹಾರದ ಚಾವಣಿಯ ಚಿತ್ರಗಳಿಗೂ ಮ್ಯಾನ್ಮಾರಿನ ಚಿನ್ನದ ಗೋಪುರಕ್ಕೂ ಹೊತ್ತು ಕೊಡಲಿ. ಶಾಂತಿಸ್ತೂಪದ ಸುತ್ತಲ ಜೌಗಿನಲ್ಲಿ ಸಾರಸ್ ಕೊಕ್ಕರೆಗಳಿವೆ, ಆಳೆತ್ತರದವು. ವಿಹಾರಗಳ ಹಿಂದೆ ನೀಲಗಾಯ್ ಮೇಯುತ್ತಿರುತ್ತವೆ.

ಮಂದಿರದ ಆವರಣಕ್ಕೆ ಚಪ್ಪಲಿ ಹೊರಗೇ ಬಿಡಬೇಕು. ಏಪ್ರಿಲ್ ನಂತರ ಹನ್ನೊಂದು ಗಂಟೆಗೆ ನೆಲ ಹಂಚಿನಂತೆ ಕಾಯುತ್ತದೆ, ದಪ್ಪ ಕಾಲುಚೀಲ ಇಟ್ಟುಕೊಳ್ಳಿ. ಒಳಗೆ ಫೋಟೋ ಇಲ್ಲ. ಹೆಚ್ಚಿನವರು ಬುದ್ಧ ಹುಟ್ಟಿದ ಜಾಗವೆಂದು ಗುರುತಿಟ್ಟ ಒಳಗಿನ ಕಲ್ಲು ನೋಡಿ ಹೊರಟುಬಿಡುತ್ತಾರೆ. ಹೊರಗಿರುವ ಅಶೋಕಸ್ತಂಭದ ಮುಂದೆ ಐದು ನಿಮಿಷ ನಿಲ್ಲಬೇಕು. ಬೇಲಿಯ ಆಚೆ, ಕಣ್ಣಿನ ಮಟ್ಟಕ್ಕೆ ಹತ್ತಿರ, ಬ್ರಾಹ್ಮಿಯ ಕೆಲವೇ ಸಾಲುಗಳು. ಬುದ್ಧ ಶಾಕ್ಯಮುನಿ ಇಲ್ಲಿ ಹುಟ್ಟಿದ. ಆದ್ದರಿಂದ ಲುಂಮಿನಿ (ಲುಂಬಿನಿ) ಊರಿಗೆ ತೆರಿಗೆ ಬಿಟ್ಟಿದೆ, ಎಂಟನೇ ಒಂದು ಪಾಲು ಕೊಟ್ಟರೆ ಸಾಕು ಎಂಬುದು ಅದರ ಸಾರ. ಧರ್ಮದ ಜೊತೆಗೇ ಕಂದಾಯದ ಲೆಕ್ಕ. ಇದರಲ್ಲಿ ರಾಜ ತನ್ನನ್ನು 'ದೇವಾನಂಪಿಯ ಪಿಯದಸಿ' ಎನ್ನುತ್ತಾನೆ, ಅಶೋಕ ಎನ್ನುವುದಿಲ್ಲ. ಆ ಬಿರುದಿನ ರಾಜ ಅಶೋಕನೇ ಎಂದು ಗಟ್ಟಿಯಾದದ್ದು 1915ರಲ್ಲಿ ರಾಯಚೂರು ಜಿಲ್ಲೆಯ ಮಸ್ಕಿಯ ಬಂಡೆಶಾಸನ ಸಿಕ್ಕಾಗ. ಎರಡು ರಾತ್ರಿ ಇದ್ದರೆ ತಿಲೌರಾಕೋಟ್‌ಗೂ ಹೋಗಬಹುದು, 28 ಕಿ.ಮೀ. ಕಪಿಲವಸ್ತು ಎಂದು ನೇಪಾಳ ಹೇಳುವ ಕೋಟೆಯ ಇಟ್ಟಿಗೆಪಾಯಗಳು ಅಲ್ಲಿವೆ. ನೆರಳಿದೆ, ಜನರಿಲ್ಲ, ತಿನ್ನಲು ಏನೂ ಸಿಗುವುದಿಲ್ಲ.

ಇಲ್ಲಿಂದ ಪಶ್ಚಿಮಕ್ಕೆ ಹೋದರೆ ಬರ್ದಿಯಾ ರಾಷ್ಟ್ರೀಯ ಉದ್ಯಾನ. ಹುಲಿಯೇ ಬೇಕು ಎನ್ನುವವರು ಚಿತ್ವನ್ ಬಿಟ್ಟು ಇಲ್ಲಿಗೇ ಹೋಗಲಿ: 968 ಚದರ ಕಿ.ಮೀ.ಯಲ್ಲಿ 2022ರ ಗಣತಿಗೆ 125 ಹುಲಿ, ಪ್ರವಾಸಿಗರು ಚಿತ್ವನ್‌ನ ಚೂರು ಪಾಲು. ಹೆದ್ದಾರಿಯ ಅಂಬಾಸಾದಲ್ಲಿ ಇಳಿದು ಉದ್ಯಾನದಂಚಿನ ಠಾಕುರ್‌ದ್ವಾರಕ್ಕೆ 13 ಕಿ.ಮೀ. ನದಿಯ ತಿರುವಿನಲ್ಲಿ ಮರದ ಬುಡಕ್ಕೆ ಕೂತು ನಾಲ್ಕೈದು ಗಂಟೆ ಕಾಯುವುದೇ ಇಲ್ಲಿನ ಪದ್ಧತಿ. ತಾಳ್ಮೆ ಇಲ್ಲದವರಿಗೆ ಶಿಕ್ಷೆ. ಮೂರು ರಾತ್ರಿಗಿಂತ ಕಡಿಮೆ ಇದ್ದರೆ ಅಷ್ಟು ದೂರ ಹೋಗುವುದು ವ್ಯರ್ಥ.

ಸೀತೆಯ ತವರು ಎನ್ನುವ ಜನಕಪುರ ವಿರುದ್ಧ ದಿಕ್ಕು. ಸೌರಾಹಾದಿಂದ ಹೆಟೌಡಾ, ಬರ್ದಿಬಾಸ್ ಹಾದು ಢಲ್ಕೇಬರ್‌ನಲ್ಲಿ ದಕ್ಷಿಣಕ್ಕೆ ತಿರುಗಬೇಕು. ಲುಂಬಿನಿ, ಜನಕಪುರ ಎರಡನ್ನೂ ಒಂದೇ ವಾರಕ್ಕೆ ಹೊಂದಿಸಿದರೆ ಬಸ್ಸಿನ ಸೀಟಿನಲ್ಲೇ ವಾರ ಕಳೆಯುತ್ತದೆ. ಜನಕಪುರವನ್ನು ಬಿಹಾರದ ಕಡೆಯಿಂದ ಬೇರೆಯೇ ಮಾಡಿ. ದರ್ಭಂಗಾದಿಂದ ಜಯನಗರ, ಜಯನಗರದಿಂದ ನೇಪಾಳದ ರೈಲು. 1937ರ ಕಿರಿದಾದ ಹಳಿಯ ಜಾಗದಲ್ಲಿ ಬ್ರಾಡ್‌ಗೇಜ್ ಬಂದು 2022ರ ಏಪ್ರಿಲಿನಲ್ಲಿ ಮತ್ತೆ ಓಡಾಟ ಶುರುವಾಯಿತು. ಭಾರತ, ನೇಪಾಳದವರಿಗೆ ಮಾತ್ರ ಈ ರೈಲು, ಬೇರೆ ದೇಶದ ಪಾಸ್‌ಪೋರ್ಟಿಗೆ ಟಿಕೆಟ್ಟಿಲ್ಲ. ಜಾನಕಿ ಮಂದಿರ ಟೀಕಮ್‌ಗಢದ ರಾಣಿ ವೃಷಭಾನು ಕುಂವರಿ ಕಟ್ಟಿಸಿದ್ದು, ಒಂಬತ್ತು ಲಕ್ಷದ ಖರ್ಚಿನ ಅಂದಾಜಿನಿಂದ 'ನೌಲಖಾ' ಎಂದು ಹೆಸರು. ಗೋಪುರ, ಗರುಡಗಂಬ ಹುಡುಕುವ ಕಣ್ಣಿಗೆ ಇದು ರಜಪೂತರ ಅರಮನೆಯ ಹಾಗೆ ಕಾಣುತ್ತದೆ. ಬೆಳಕು ಹಚ್ಚಿದ ಮೇಲೆ ನೋಡಿ, ನಡುಹಗಲಲ್ಲಿ ಬಿಳಿ ಕಟ್ಟಡ ಕಣ್ಣು ಕುಕ್ಕುತ್ತದೆ. ಮಾರ್ಗಶಿರ ಶುದ್ಧ ಪಂಚಮಿಯ ವಿವಾಹ ಪಂಚಮಿಗೆ ಹೋಗುವುದಿದ್ದರೆ ಕೋಣೆ ತಿಂಗಳು ಮುಂಚೆ. ಊಟದಲ್ಲಿ ಬೇರೆಲ್ಲ ಬಿಟ್ಟರೂ ತಿಲ್ಕೋರ್ ಎಲೆಯ 'ತರುವಾ' ಬಿಡಬೇಡಿ, ಹಿಟ್ಟಲ್ಲಿ ಅದ್ದಿ ಗರಿಗರಿ ಕರಿದದ್ದು, ನಮ್ಮ ದೊಡ್ಡಪತ್ರೆ ಬಜ್ಜಿಯ ಅಣ್ಣ.

ದುಡ್ಡು, ಕಾಗದ. ಭಾರತದ 100 ರೂಪಾಯಿಗೆ 160 ನೇಪಾಳಿ, ಈ ಲೆಕ್ಕ 1993ರಿಂದ ಬದಲಾಗಿಲ್ಲ. ಅಂಗಡಿಯವನು 150 ಎಂದರೆ ಒಪ್ಪಬೇಡಿ. ದೊಡ್ಡ ನೋಟಿಗಿಂತ 100ರ ನೋಟಿನ ಕಟ್ಟು ಒಯ್ಯುವುದು ಸುರಕ್ಷಿತ. ಬೆಲೆ ಹೇಳಿದಾಗ 'ಐಸಿಯೋ ಎನ್‌ಸಿಯೋ' ಎಂದು ಕೇಳಿ, ಐಸಿ ಎಂದರೆ ಭಾರತದ್ದು, ಎನ್‌ಸಿ ಎಂದರೆ ನೇಪಾಳದ್ದು. ಜಗಳಗಳೆಲ್ಲ ಹುಟ್ಟುವುದು ಇಲ್ಲೇ. 2024ರಿಂದ ಅಲ್ಲಿನ ಫೋನ್‌ಪೇ ಕ್ಯೂಆರ್‌ಗೆ ನಮ್ಮ ಯುಪಿಐ ನಡೆಯುತ್ತದೆ. ಹೆಸರು ಕಿವಿಗೆ ಒಂದೇ ಆದರೂ ಅದು ನಮ್ಮ ಫೋನ್‌ಪೇ ಅಲ್ಲ, ಬೇರೆ ಕಂಪನಿ. ಕಾಡಂಚಿನಲ್ಲಿ ಸಿಗ್ನಲ್ಲು ಕೈಕೊಡುವುದರಿಂದ ಗೈಡಿನ ಕೂಲಿ ನಗದಾಗಿ ಇರಲಿ. ಪಾಸ್‌ಪೋರ್ಟು ಅಥವಾ ಮತದಾರರ ಚೀಟಿಯ ಅಸಲು ಬೇಕು. 15ರಿಂದ 65 ವರ್ಷದವರಿಗೆ ವಿಮಾನಕ್ಕೆ ಆಧಾರ್ ನಡೆಯದು, ನಿಲ್ದಾಣದಿಂದಲೇ ವಾಪಸು ಕಳಿಸುತ್ತಾರೆ. ಸ್ವಂತ ಕಾರು ತಂದರೆ ಗಡಿಯಲ್ಲಿ 'ಭನ್ಸಾರ್' ಎಂಬ ಸುಂಕ ಕಟ್ಟಬೇಕು, ಅದು ದಿನದ ಲೆಕ್ಕ. ಒಂದು ದಿನ ಹೆಚ್ಚೇ ಬರೆಸಿ, ಮೀರಿದರೆ ದಂಡ ಜಾಸ್ತಿ. ಗಡಿ ದಾಟಿದ ಕೂಡಲೇ ಗಡಿಯಾರವನ್ನು ಕಾಲು ಗಂಟೆ ಮುಂದಿಡಿ. ಮೊಬೈಲು ಭಾರತದ ಟವರ್ ಹಿಡಿದುಕೊಂಡು ಹಳೆಯ ಸಮಯವನ್ನೇ ತೋರಿಸುತ್ತಿದ್ದು, ಸುನೌಲಿ ಪಕ್ಕದ ಬಸ್ ನಿಲ್ದಾಣದಲ್ಲಿ ಆರಕ್ಕೆ ಹೊರಡುವ ಬಸ್ಸನ್ನು ಐದೂ ಮುಕ್ಕಾಲಕ್ಕೇ ಕಳೆದುಕೊಂಡವರು ಕಡಿಮೆಯೇನಿಲ್ಲ.